ಗುಂಬಜಿನಿಂದ ನೂರು ಮೀಟರ್

ಜಾಗ ತೋರಿಸಲು ಕರೆದುಕೊಂಡು ಹೋದ ದಿನ ಸಾಹುಕಾರರು ನಮ್ಮಿಂದ ಏನನ್ನೂ ಮುಚ್ಚಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ನಾವು ಅವರ ಬಗ್ಗೆ ಮನೆಯಲ್ಲಿ ಕೂತು ಆಡಿಕೊಂಡ ಮಾತುಗಳನ್ನು ಕೇಳಿದ್ದರೆ ನೀವು ಅವರನ್ನು ದೊಡ್ಡ ಮೋಸಗಾರರೆಂದೇ ತಿಳಿಯುತ್ತಿದ್ದಿರಿ.

ಅವರು ಭಾಲ್ಕಿಯಲ್ಲಿ ತೊಗರಿ, ಕಡಲೆ ವ್ಯಾಪಾರ ಮಾಡುವವರು. ನಾನು ಅಲ್ಲಿನ ಸಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅವರ ಮೊಮ್ಮಗಳು ನನ್ನ ತರಗತಿಯಲ್ಲಿದ್ದಳು. ಬೀದರಿನ ಹೊರಗೆ ತಮ್ಮ ಎರಡು ಪ್ಲಾಟುಗಳಿವೆ, ಅಕ್ಕಪಕ್ಕದಲ್ಲೇ ಇವೆ, ಒಂದನ್ನು ಮಾರಬೇಕೆಂದಿದ್ದೇನೆ ಎಂದು ಅವರು ಪಾಲಕರ ಸಭೆ ಮುಗಿಸಿ ಹೊರಡುವಾಗ ಹೇಳಿದ್ದರು. ನಮ್ಮ ಮನೆಯವರಿಗೆ ಬೀದರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಹೊಲದ ಪಂಪಿನ ಮೋಟರುಗಳು ಸುಟ್ಟು ಬಂದರೆ ಅವಕ್ಕೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವ ಕೆಲಸ. ಚಿದ್ರಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಪಡಸಾಲೆ ಕೂಡ ಅಂಗಡಿಯಲ್ಲಿ ಹಿಡಿಸದ ಮೋಟರುಗಳಿಂದ ತುಂಬಿತ್ತು. ಬಂದ ನೆಂಟರು ಅವುಗಳ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದರು.

ಜಾಗ ನೋಡಿದ ಕೂಡಲೇ ಮನಸ್ಸು ಒಪ್ಪಿತು. ಮುಂದೆ ರಸ್ತೆ. ಹಿಂದೆ ಒಂದಿಷ್ಟು ಬಯಲು, ಬಯಲಿನಾಚೆ ಹಳೆಯದೊಂದು ಗುಂಬಜ್. ಯಾವ ಕಾಲದ ಯಾರ ಗೋರಿಯೋ, ಸುತ್ತ ತಂತಿ ಬೇಲಿ, ಬೇಲಿಯೊಳಗೆ ಬೇವಿನ ಮರಗಳು, ಗಿಳಿಗಳ ಗದ್ದಲ. ಸಾಹುಕಾರರು ಆ ಕಡೆ ಕೈ ಚಾಚಿ, ಮೊಮ್ಮಗಳ ಟೀಚರಾದ ನನಗೆ, "ನೋಡ್ರಿ ಬಾಯಾರ, ಆ ಕಡಿ ಯಾರೂ ಒಂದ್ ಇಟ್ಟಂಗಿ ಇಡಾಂಗಿಲ್ಲ. ಸರ್ಕಾರದ ಕಾಯ್ದೆ ಅದ. ಜಿಂದಗಿ ತನಕ ಖುಲ್ಲಾ ಗಾಳಿ!" ಎಂದರು.

ನಾವಿಬ್ಬರೂ ಗಾಳಿ ಎಂಬ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡೆವು. 'ಆ ಕಡೆ' ಎನ್ನುವುದು ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಲಿಲ್ಲ. ಅದು ನಾವು ಮನಸ್ಸಿನಲ್ಲಿ ಕಟ್ಟಿಕೊಂಡ ಅಡುಗೆಮನೆಯ ನಡುವಿನಿಂದಲೇ ಶುರುವಾಗುತ್ತಿತ್ತು.

ನನಗೊಂದು ಆಸೆಯಿತ್ತು. ಭಾತಂಬ್ರಾದ ನನ್ನ ತವರುಮನೆ ದೊಡ್ಡದೇ, ಆದರೆ ಜನ ಅದರಲ್ಲಿ ಹಿಡಿಸದಷ್ಟಿದ್ದರು. ಓದಲು ಕೂತರೆ ಒಬ್ಬರು ಅಕ್ಕಿ ಆರಿಸಲು ಕರೆಯುವರು, ಇನ್ನೊಬ್ಬರು ನನ್ನ ಪುಸ್ತಕದಿಂದಲೇ ಗಾಳಿ ಬೀಸಿಕೊಳ್ಳುವರು. ಹಾಗಾಗಿ ನನ್ನ ಮನೆ ಎಂದಾದ ಮೇಲೆ ಮೇಲೊಂದು ಅಂತಸ್ತು, ಅದರಲ್ಲಿ ನನಗೆಂದೇ ಒಂದು ಖೋಲಿ, ಆ ಖೋಲಿಗೊಂದು ದೊಡ್ಡ ಕಿಟಕಿ ಬೇಕು ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದೆ. ನಮ್ಮ ಮನೆಯವರು ನಕ್ಷೆಯಲ್ಲಿ ಅದನ್ನು ಬರೆಸಿದರು. ಮೆಟ್ಟಿಲು ಯಾವ ಕಡೆಯಿಂದ ಹತ್ತಬೇಕು ಎಂಬುದರ ಮೇಲೆ ಜಗಳವನ್ನೂ ಆಡಿ ಮುಗಿಸಿದ್ದೆವು.

ಜಾಗ ನಮ್ಮ ಹೆಸರಿಗೆ ರಿಜಿಸ್ಟ್ರಿ ಆಗಿ, ಶ್ರಾವಣದಲ್ಲಿ ಒಳ್ಳೆಯ ದಿನವೂ ಸಿಕ್ಕಿತು. ಪರವಾನಗಿ ಅರ್ಜಿ ಆಮೇಲೆ ಕೊಟ್ಟರಾಯಿತು, ಪಾಯದ ಪೂಜೆ ಮೊದಲು ಆಗಲಿ ಎಂದು ನಮ್ಮ ಮನೆಯವರು ಹೇಳಿದರು. ಅವರ ತಾಯಿ, ನಮ್ಮ ಅತ್ತೆ, ಔರಾದ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೇ ಬಂದಿಳಿದರು. ಅವರದು ಕುರಿ ಸಾಕುವ ಮನೆತನ. ಮಾವ ತೀರಿಹೋದ ಮೇಲೂ ಹಿರಿಯ ಮಗನ ಜೊತೆ ಹಿಂಡು ನೋಡಿಕೊಂಡು ಇದ್ದ ಗಟ್ಟಿ ಹೆಂಗಸು. ಸೆರಗಿನ ಗಂಟಿನಲ್ಲಿ ತಮ್ಮ ಹೊಲದ ಕರಿಮಣ್ಣು ತಂದಿದ್ದರು, ಪಾಯಕ್ಕೆ ಹಾಕಲು. ನಮ್ಮ ಜಾಗದ ಕೆಂಪು ಜಂಬಿಟ್ಟಿಗೆ ನೆಲವನ್ನು ಕಾಲಿನಿಂದ ಕೆದರಿ, "ಇದೇನ್ ಮಣ್ಣೋ, ಇಟ್ಟಂಗಿ ಪುಡಿಯೋ?" ಎಂದು ಮೂಗು ಮುರಿದರು.

ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ ಅಯ್ಯನವರು ಪೂಜೆ ಮುಗಿಸಿದರು. ಹೋಳಿಗೆ ಬಡಿಸುವ ಹೊತ್ತಿಗೆ ಗುಂಬಜಿನ ಕಡೆಯಿಂದ ಖಾಕಿ ಅಂಗಿಯ ಚೌಕೀದಾರ ಬಂದ. ಪಾಪ, ಒಬ್ಬನೇ ಕೂತಿರುತ್ತಾನೆ ಎಂದು ಅತ್ತೆ ಅವನನ್ನೂ ಕರೆದು ಕೂಡಿಸಿದರು. ಅವನು ಚಪ್ಪಲಿ ಬಿಟ್ಟು ಬಂದು ಕೂತು ನಿಧಾನಕ್ಕೆ ಉಂಡ. ತುಪ್ಪ ಚೆನ್ನಾಗಿದೆ ಎಂದ. ಕೈ ತೊಳೆದು, ಟವೆಲಿನಿಂದ ಬಾಯಿ ಒರೆಸಿಕೊಂಡು ಕೇಳಿದ:

"ಇಲ್ಲಿ ಏನ್ ಮಾಡ್ಲಕತ್ತೀರಿ ಅಕ್ಕೋರ?"

"ಮನಿ ಕಟ್ಲಕತ್ತೀವ್ರಿ," ಎಂದೆ ಹೆಮ್ಮೆಯಿಂದ.

"ಮನಿ? ಇಲ್ಲಿ ಮನಿ ಕಟ್ಲಕ್ಕ ಬರಂಗಿಲ್ರಿ. ಗುಂಬಜ್ ಹದ್ದಿನಿಂದ ನೂರ್ ಮೀಟರ್ ತನಕ ಏನೂ ಎಬ್ಬಿಸಲಕ್ಕ ಪರವಾನಗಿ ಇಲ್ಲ. ಅಲ್ಲಿ ಬೋರ್ಡ್ ಹಚ್ಯಾರ, ನೋಡಿಲ್ಲೇನು?"

ಬೋರ್ಡ್ ನೋಡಿದ್ದೆವು. ನೀಲಿ ಬಣ್ಣದ ದೊಡ್ಡ ಬೋರ್ಡು. ಅದರ ಪಕ್ಕ ನಿಂತು ಫೋಟೋ ಕೂಡ ತೆಗೆಸಿಕೊಂಡಿದ್ದೆವು.

ಅತ್ತೆಗೆ ಸಿಟ್ಟು ಬಂತು. "ಅಲ್ಲೋ ಯಪ್ಪಾ, ಇದನ್ನ ಉಂಡಾದ ಮ್ಯಾಲ ಹೇಳ್ತೀಯೇನು?"

"ಹೋಳಿಗಿ ಬಿಸಿ ಇತ್ತು ಅವ್ವಾ," ಎಂದ ಅವನು, ಬಹಳ ವಿನಯದಿಂದ. "ಮೊದಲೇ ಹೇಳಿದ್ರ ನಿಮಗೂ ರುಚಿ ಹತ್ತತಿದ್ದಿಲ್ಲ, ನನಗೂ ಹತ್ತತಿದ್ದಿಲ್ಲ."

ಅಯ್ಯನವರು ತಮ್ಮ ಜೋಳಿಗೆ ಎತ್ತಿಕೊಂಡು, ಪೂಜೆಯಂತೂ ಸುಳ್ಳಾಗುವುದಿಲ್ಲ ಎಂದು ಸಮಾಧಾನ ಹೇಳಿ ಹೊರಟರು.

ಮರುದಿನ ಪುರಾತತ್ವ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚೌಕೀದಾರ ಹೇಳಿದ್ದೇ ನಿಜವೆಂದೂ, ನೂರು ಮೀಟರಿನೊಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲವೆಂದೂ, ಅದರಾಚೆಗೂ ಇನ್ನಷ್ಟು ದೂರದವರೆಗೆ ಅನುಮತಿ ಪಡೆದೇ ಕಟ್ಟಬೇಕೆಂದೂ ವಿವರಿಸಿದಳು. ನಮ್ಮ ಮುಖ ನೋಡಿ ಅವಳಿಗೇನನ್ನಿಸಿತೋ, "ನಡೀರಿ, ಅಳದೇ ನೋಡೋಣು. ಪೂರಾ ಹೋಗಿದಿಯೋ, ಅರ್ಧಾ ಉಳದದೋ," ಎಂದು ಅದೇ ವಾರ ಟೇಪು ಹಿಡಿದು ಇಬ್ಬರು ಸಿಬ್ಬಂದಿಯೊಂದಿಗೆ ಬಂದಳು.

ಅಳತೆ ಶುರುವಾದಾಗ ಅತ್ತೆಯೂ ಸೇರಿ ನಾವು ಮೂವರೂ ನಮ್ಮ ಜಾಗದಲ್ಲಿ ನಿಂತಿದ್ದೆವು. ಟೇಪು ಬಯಲು ದಾಟಿ ನಮ್ಮ ಕಡೆ ಬಂತು. ಹಿಂದಿನ ಗಡಿಕಲ್ಲು ದಾಟಿತು. ಹಿತ್ತಲು ಎಂದುಕೊಂಡಿದ್ದ ಜಾಗ ದಾಟಿತು. ಬಚ್ಚಲು ದಾಟಿತು, ಅಡುಗೆಮನೆಯಲ್ಲಿ ಅರ್ಧ ನುಂಗಿ ನಿಂತಿತು. ಸಿಬ್ಬಂದಿ ಸುಣ್ಣದ ಪುಡಿಯಿಂದ ಗೆರೆ ಎಳೆದರು. ಗೆರೆ ನೆಟ್ಟಗೂ ಇರಲಿಲ್ಲ, ಓರೆಯಾಗಿ ಹೋಗಿತ್ತು. ರಸ್ತೆ ಕಡೆ ಉಳಿದ ನಮ್ಮ ಪಾಲು ಬಲಕ್ಕೆ ಅಗಲವಾಗಿ, ಎಡಕ್ಕೆ ಬರುಬರುತ್ತ ಕಿರಿದಾಗಿ, ದೊಡ್ಡದೊಂದು ಸಮೋಸದಂತೆ ಕಾಣುತ್ತಿತ್ತು.

"ಇಷ್ಟರಾಗ ಅನುಮತಿ ಸಿಗಬಹುದ್ರಿ," ಎಂದಳು ಅಧಿಕಾರಿ. "ಆದ್ರ ಮಾಳಿಗಿ ಮ್ಯಾಲ ಮಾಳಿಗಿ ಅಂತ ಕೇಳಬ್ಯಾಡ್ರಿ. ಕೆಳಗಿನ ಮನಿ ಒಂದೇ ಬರಕೊಡ್ರಿ. ಅಂದಹಾಂಗ ಟೀಚರ್, ನೀವು ಸಾಲ್ಯಾಗ ಏನ್ ಕಲಸ್ತೀರಿ?"

"ಸಮಾಜ ವಿಜ್ಞಾನ," ಎಂದೆ ಮೆಲ್ಲಗೆ.

ನಮ್ಮ ಮನೆಯವರಿಗೆ ಆ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ. ಸ್ಮಾರಕಗಳ ಸಂರಕ್ಷಣೆಯಲ್ಲಿ ನಾಗರಿಕರ ಪಾತ್ರವನ್ನು ವಿವರಿಸಿ ಎಂಬ ಪ್ರಶ್ನೆಯನ್ನು ಪ್ರತಿ ವರ್ಷ ಪತ್ರಿಕೆಯಲ್ಲಿ ಹಾಕುವವಳು ಇವಳೇ ಎಂದು ಅಧಿಕಾರಿಗೆ ಹೇಳಿಬಿಟ್ಟರು. ಅವಳೂ ನಕ್ಕಳು. ನನಗೆ ಅಳು ಬರುವುದರಲ್ಲಿತ್ತು, ಅದೂ ಸಿಟ್ಟಾಗಿ ತಿರುಗಿತು. ಆ ರಾತ್ರಿಯ ಅಡುಗೆಯನ್ನು ಅವರೇ ಮಾಡಬೇಕಾಯಿತು.

ಆಮೇಲೆ ನಾವು ಸಾಹುಕಾರರನ್ನು ಬೈಯಲು ಶುರು ಮಾಡಿದೆವು. ಅವರಿಗೆ ಎಲ್ಲ ಗೊತ್ತಿತ್ತು, ಬೇಕೆಂದೇ ನಮ್ಮ ತಲೆಗೆ ಕಟ್ಟಿದರು ಎಂದು ನಮ್ಮ ಮನೆಯವರು. ಮೊಮ್ಮಗಳ ಮುಖ ನೋಡಿ ನಂಬಿದೆ ಎಂದು ನಾನು. ಅತ್ತೆ ಮೂಲೆಯಲ್ಲಿ ಒಂದು ಮೋಟರಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ ಎಲ್ಲ ಕೇಳಿಸಿಕೊಂಡರು. ಕಡೆಗೆ, "ಮನ್ಯಾಗ ಕುಂತು ಬೈದ್ರ ಭಾಲ್ಕಿಗಿ ಕೇಳಸ್ತದೇನು? ಐತಾರ ನಡೀರಿ, ನಾನೂ ಬರ್ತೇನಿ. ಇದು ಮುಗಿಯೂ ತನಕ ನಾ ಊರಿಗಿ ಹೋಗಾಂಗಿಲ್ಲ," ಎಂದರು.

ಆ ಭಾನುವಾರ ಮೂವರೂ ಭಾಲ್ಕಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ. ತಮ್ಮೊಳಗೇ ಏನೋ ಸಜ್ಜು ಮಾಡಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಕುರಿ ಕೊಳ್ಳಲು ಬಂದ ವ್ಯಾಪಾರಿಗಳ ಜೊತೆ ಮಾತಿಗೆ ಕೂರುವ ಮುಂಚೆ ಅವರು ಹೀಗೇ ಸುಮ್ಮನಿರುತ್ತಾರೆ.

ಸಾಹುಕಾರರು ಅಂಗಡಿಯ ಗಾದಿಯ ಮೇಲೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. "ಶರಣ್ರಿ, ಬರ್ರಿ ಬರ್ರಿ," ಎಂದು ಎದ್ದು ನಿಂತರು. ವಿಷಯ ಕೇಳಿ ಅವರಿಗೆ ಆಶ್ಚರ್ಯವೇ ಆಯಿತು.

"ನಾ ಅವತ್ತೇ ಹೇಳಿದ್ನಲ್ರಿ ಬಾಯಾರ! ಆ ಕಡಿ ಯಾರೂ ಕಟ್ಟಂಗಿಲ್ಲ ಅಂತ!"

"ನಮಗೂ ಬರಂಗಿಲ್ಲ ಅಂತ ಹೇಳಿದ್ದಿಲ್ಲಲ್ರಿ," ಎಂದರು ನಮ್ಮ ಮನೆಯವರು.

"ಯಾರೂ ಅಂದ್ರ ಎಲ್ಲಾರೂ ಬಂದ್ರಲ್ಲಪ್ಪಾ! ನಾ ಖರೇ ಹೇಳ್ತೇನಿ, ಗೆರಿ ಇಷ್ಟ ಮುಂದ ಬರ್ತದಂತ ನನಗೂ ಅಂದಾಜ ಇದ್ದಿಲ್ಲ. ಹಿಂದಿನ ಬಯಲಿಗೇ ಮುಗೀತದ ಅಂದ್ಕೊಂಡಿದ್ದೆ. ಬಸವಣ್ಣನ ಆಣಿ. ಬ್ಯಾಡ ಅನಸಿದ್ರ ಜಾಗಾ ವಾಪಸ್ ತಗೋತೇನಿ, ನಾಳೆನೇ ಬರ್ರಿ."

ಇದನ್ನು ನಾವು ನಿರೀಕ್ಷಿಸಿರಲಿಲ್ಲ. ಜಗಳಕ್ಕೆಂದು ಹೋದವರ ಕೈಯಲ್ಲಿ ಜಗಳವೇ ಉಳಿಯಲಿಲ್ಲ. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ವಾಪಸ್ ಕೊಡೋಣ ಎನ್ನಬೇಕಿತ್ತು. ಆದರೆ ಆ ಬೇವಿನ ಮರಗಳೂ ಗಿಳಿಗಳ ಗದ್ದಲವೂ ನೆನಪಾಗಿ ಬಾಯಿ ಬರಲಿಲ್ಲ.

ಅತ್ತೆ ಮಾತ್ರ ಸಾಹುಕಾರರನ್ನೇ ನೋಡುತ್ತಿದ್ದರು. "ಭಾತಂಬ್ರಾ ದಾರ್ಯಾಗ, ಹಳ್ಳದ ದಂಡಿಗಿ ನಿಮ್ಮ ಹೊಲ ಇತ್ತಲ್ರಿ? ದೊಡ್ಡ ಹುಣಸಿಗಿಡ?" ಎಂದು ಕೇಳಿದರು.

"ಈಗೂ ಅದ. ಯಾಕ್ರಿ ಅವ್ವಾ?"

"ನಮ್ಮ ಮನಿಯವ್ರು ವರ್ಷಾ ಅಲ್ಲೇ ಕುರಿ ತರಬತಿದ್ರು. ನಾನೂ ಬರ್ತಿದ್ದೆ."

ಆ ಕಡೆ ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡನ್ನು ಖಾಲಿ ಹೊಲಗಳಲ್ಲಿ ರಾತ್ರಿ ನಿಲ್ಲಿಸುತ್ತಾರೆ. ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಕುರಿಗಾರರಿಗೆ ಕಾಳು ಕೊಡುತ್ತಾರೆ. ಸಾಹುಕಾರರು ಗಾದಿಯಿಂದ ಇಳಿದೇ ಬಂದರು. ಮಾವನ ಕೆಂಪು ರುಮಾಲು, ಅವರ ಕರಿ ನಾಯಿ, ಆ ನಾಯಿ ಒಮ್ಮೆ ಸಾಹುಕಾರರ ಧೋತರ ಹರಿದದ್ದು, ಎಲ್ಲ ಮಾತಿಗೆ ಬಂತು. ಒಳಗಿನಿಂದ ಚಹಾ ಬಂತು, ಆಮೇಲೆ ಮಂಡಕ್ಕಿಯ ಸುಸಲಾ ಬಂತು. ನಾವು ಗಂಡ ಹೆಂಡತಿ ಯಾರದೋ ಮದುವೆಗೆ ಬಂದವರ ಹಾಗೆ ತಟ್ಟೆ ಹಿಡಿದು ಕೂತೆವು. ಇನ್ನು ಮುಗಿಯಿತು, ನಂಟಸ್ತಿಕೆ ಬೆಳೆದ ಮೇಲೆ ಅತ್ತೆ ಏನೂ ಕೇಳುವುದಿಲ್ಲ ಎಂದುಕೊಂಡೆ. ತಪ್ಪು ತಿಳಿದಿದ್ದೆ.

ಸುಸಲಾ ಮುಗಿಸಿ ಅತ್ತೆ ಹೇಳಿದರು: "ಸಾವ್ಕಾರ್ರ, ಬಲಗಡಿ ಬಾಜೂಕಿನ ಜಾಗಾನೂ ನಿಮ್ಮದೇ ಅದ. ಆ ಕಡಿ ಗೆರಿ ಹಿಂದ ಸರದದ, ನಾ ನಿಂತು ನೋಡೀನಿ. ಅದರಾಗ ರಸ್ತಾ ಮಗ್ಗಲಿಗಿ ಒಂದ್ ಪಟ್ಟಿ ನಮಗ ಕೊಡ್ರಿ. ಅಷ್ಟೇ ಜಾಗಾ ಹಿಂದಿಂದು ನಮ್ಮದರಾಗಿಂದು ನೀವು ತಗೋರಿ."

"ಹಿಂದಿಂದು? ಅಲ್ಲಿ ಕಟ್ಲಕ್ಕೇ ಬರಂಗಿಲ್ಲಲ್ಲ ಅವ್ವಾ, ಅದನ್ನ ತಗೊಂಡು ನಾ ಏನ್ ಮಾಡ್ಲಿ?"

"ಗಾಳಿ ತಗೋರಿ," ಎಂದರು ಅತ್ತೆ. "ಜಿಂದಗಿ ತನಕ ಖುಲ್ಲಾ ಗಾಳಿ ಅದ ಅಂತ ನೀವೇ ಹೇಳಿರಂತಲ್ಲ."

ಅಂಗಡಿಯಲ್ಲಿ ಚೀಲ ಹೊಲಿಯುತ್ತಿದ್ದ ಹಮಾಲರು ಕೈ ನಿಲ್ಲಿಸಿ ನೋಡಿದರು. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಆ ನಾಯಿಗಿಂತ ನೀವೇ ಜೋರ್ ಇದ್ದೀರಿ ಅವ್ವಾ," ಎಂದರು.

ಪಟ್ಟಿ ಎಷ್ಟು ಅಗಲ ಇರಬೇಕು ಎಂಬುದಕ್ಕೆ ಮತ್ತೊಂದು ಸುತ್ತು ಚಹಾ ಬೇಕಾಯಿತು. ಅತ್ತೆ ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ, ಸಾಹುಕಾರರು ಮೊದಲು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಎಂದು ತೀರ್ಮಾನವಾಯಿತು. ಬರುವಾಗ ಬಸ್ಸಿನಲ್ಲಿ ಅತ್ತೆಯ ತೊಡೆಯ ಮೇಲೆ ತೊಗರಿಬೇಳೆಯ ಗಂಟಿತ್ತು. ಅದನ್ನು ತಾವು ಕೇಳಲಿಲ್ಲ, ಅವರೇ ಕೊಟ್ಟರು ಎಂದು ಎರಡೆರಡು ಸಲ ಹೇಳಿದರು.

ಅದಲು ಬದಲು ರಿಜಿಸ್ಟ್ರಿ ಆಯಿತು. ಹೊಸ ನಕ್ಷೆ ಬರೆಸಿ ಅನುಮತಿಗೆ ಕೊಟ್ಟೆವು. ಅದು ಬರಲು ಬಹಳ ತಿಂಗಳು ಹಿಡಿಯಿತು. ನಾವು ರಜೆ ಸಿಕ್ಕಾಗಲೆಲ್ಲ ಹೋಗಿ ಖಾಲಿ ಜಾಗದಲ್ಲಿ ಕೂತು ಬರುತ್ತಿದ್ದೆವು. ಚಾಪೆ, ಚಹಾದ ಥರ್ಮಾಸು, ರೊಟ್ಟಿ, ಝುಣಕ ಒಯ್ಯುತ್ತಿದ್ದೆವು. ಚೌಕೀದಾರನೂ ಬಂದು ಕೂರುತ್ತಿದ್ದ. ಹಿಂದಿನ ಭಾಗದಲ್ಲಿ ಗಿಡ ಹಚ್ಚಬಹುದೇ ಎಂದು ಅಧಿಕಾರಿಯನ್ನು ಕೇಳಿದಾಗ, "ಹಚ್ರಿ, ಗೋಡಿ ಮಾತ್ರ ಎಬ್ಬಿಸಬ್ಯಾಡ್ರಿ," ಎಂದಿದ್ದಳು. ಕೆಂಪು ಮಣ್ಣಿನಲ್ಲಿ ಏನೂ ಬೆಳೆಯುವುದಿಲ್ಲ ಎಂದು ಹಟ ಹಿಡಿದಿದ್ದ ಅತ್ತೆಗೆ, ಬೀದರಿನ ಸೀತಾಫಲವೆಲ್ಲ ಇದೇ ಮಣ್ಣಿನದು ಎಂದು ಚೌಕೀದಾರ ಹೇಳಿದ. ಅವರು ನಂಬಲಿಲ್ಲ. ಆದರೂ ಹಚ್ಚಿ ನೋಡಿದರು. ಗಿಡಗಳು ಹಿಡಿದುಕೊಂಡಾಗ, ಅದು ತಾವು ತಂದ ಕರಿಮಣ್ಣಿನ ಗುಣ ಎಂದರು.

ಅನುಮತಿ ಬಂದ ಮೇಲೆ ಮನೆ ಎದ್ದಿತು. ಸಾಹುಕಾರರ ಪಟ್ಟಿ ಸೇರಿದ್ದರಿಂದ ಬಲಗಡೆ ಪಡಸಾಲೆ, ಅಡುಗೆಮನೆ, ಮಲಗುವ ಖೋಲಿ ಎಲ್ಲ ಹಿಡಿಸಿದವು. ಹಿಂದಿನ ಗೋಡೆ ಮಾತ್ರ ಆ ಗೆರೆಯ ಗುಂಟ ಓರೆಯಾಗಿಯೇ ಹೋಯಿತು. ಗೌಂಡಿ ದಿನಾ ಗೊಣಗುತ್ತಿದ್ದ. "ನೋಡಿದವ್ರು ನಾ ಕುಡದು ಕಟ್ಟೀನಿ ಅಂತಾರ್ರಿ," ಎಂದು ಅವನ ಕೊರಗು. ಎಡತುದಿಯಲ್ಲಿ, ಜಾಗ ತೀರ ಕಿರಿದಾಗುವ ಕಡೆ, ಮೂರು ಮೂಲೆಯ ಖೋಲಿಯೊಂದು ಉಳಿಯಿತು. ಅದರಲ್ಲಿ ಮಂಚ ಹಿಡಿಯಲಿಲ್ಲ. ಕಪಾಟು ಗೋಡೆಗೆ ಕೂರಲಿಲ್ಲ. ಸಾಮಾನು ಇಡಲು ಆಗಬಹುದು ಎಂದು ಗೌಂಡಿ ಹೇಳಿದ.

ನಮ್ಮ ಮನೆಯವರು ಒಂದು ದಿನ ಸಾಲೆಯಿಂದ ಬಂದ ನನ್ನನ್ನು ನೇರ ಆ ಖೋಲಿಗೆ ಕರೆದುಕೊಂಡು ಹೋದರು. ಗುಂಬಜಿನ ಕಡೆಯ ಓರೆ ಗೋಡೆಯಲ್ಲಿ ದೊಡ್ಡ ಕಿಟಕಿ ಇಡಿಸಿದ್ದರು. ಕಿಟಕಿಯ ಕೆಳಗೆ, ಆ ಮೂಲೆಗೆ ಸರಿಯಾಗಿ ಹೊಂದುವಂತೆ ಮೂರು ಮೂಲೆಯ ಮೇಜೊಂದನ್ನು ಬಡಿಗೇರನಿಂದ ಮಾಡಿಸಿದ್ದರು. "ಮ್ಯಾಲ ಇಡ್ಲಕ್ಕ ಬರ್ಲಿಲ್ಲ. ಕೆಳಗೇ ಇಟ್ಟೀನಿ. ಅಕ್ಕಿ ಆರಸ್ಲಕ್ಕ ಇಲ್ಲಿ ಯಾರೂ ಕರಿಯಂಗಿಲ್ಲ. ಇನ್ನೊಬ್ಬರು ಒಳಗ ಬಂದ್ರ ನಿಂದ್ರಲಕ್ಕ ಜಾಗಾನೇ ಇಲ್ಲ," ಎಂದರು. ನಾನು ಸಾಲೆಯ ಚೀಲವನ್ನು ಆ ಮೇಜಿನ ಮೇಲಿಟ್ಟು ಕಿಟಕಿ ತೆರೆದೆ.

ಗೃಹಪ್ರವೇಶಕ್ಕೆ ಎಲ್ಲರೂ ಬಂದರು. ಅಧಿಕಾರಿ ಬಂದವಳು ಮೊದಲು ಹಿಂದಕ್ಕೆ ಹೋಗಿ ಗೋಡೆ ಗೆರೆ ದಾಟಿದೆಯೇ ಎಂದು ನೋಡಿಯೇ ಊಟಕ್ಕೆ ಕೂತಳು. ಸಾಹುಕಾರರು ಭಾಲ್ಕಿಯಿಂದ ಮಡಿಚುವ ಕುರ್ಚಿಯೊಂದನ್ನು ತಂದು ಹಿಂದಿನ ತಮ್ಮ ಪಟ್ಟಿಯಲ್ಲಿ ಹಾಕಿಸಿದರು. ಯಾರಾದರೂ ಕೇಳಿದರೆ, "ನನ್ನ ಆಸ್ತಿ ನೋಡ್ಲಕ್ಕ ಬಂದೀನ್ರಿ," ಎನ್ನುತ್ತಿದ್ದರು. ಆ ಕುರ್ಚಿಯನ್ನು ಅವರು ಮರಳಿ ಒಯ್ಯಲೇ ಇಲ್ಲ. ಬೀದರಿಗೆ ವ್ಯಾಪಾರಕ್ಕೆ ಬಂದಾಗಲೆಲ್ಲ ಸಂಜೆ ಒಂದಿಷ್ಟು ಹೊತ್ತು ಅಲ್ಲಿ ಕೂರುತ್ತಾರೆ. ಅವರ ಪಟ್ಟಿಯಲ್ಲಿ ಅತ್ತೆ ಹಚ್ಚಿದ ಸೀತಾಫಲದ ಗಿಡವೂ ಇದೆ. ಹಣ್ಣು ನೆಲದ ಒಡೆಯನದೋ, ಗಿಡ ಹಚ್ಚಿದವರದೋ ಎಂಬ ತಕರಾರು ಇನ್ನೂ ಬಗೆಹರಿದಿಲ್ಲ. ಇಬ್ಬರೂ ಮಾತಿನಲ್ಲಿ ಮುಳುಗಿರುವಾಗ ಹಣ್ಣನ್ನು ಗಿಳಿಗಳು ತಿಂದು ಹೋಗುತ್ತವೆ.

ಈಗ ನಮ್ಮ ಕಡೆ ಜಾಗ ನೋಡಲು ಬಂದವರು ಮೊದಲು ನಮ್ಮ ಬಾಗಿಲು ತಟ್ಟುತ್ತಾರೆ. ಆ ಟೀಚರ್ ಬಾಯಿಯವರಿಗೆ ಎಲ್ಲ ಕಾಯ್ದೆ ಗೊತ್ತು ಎಂದು ಚೌಕೀದಾರ ಸುದ್ದಿ ಹಬ್ಬಿಸಿದ್ದಾನೆ. ನನಗೆ ಎಲ್ಲವೂ ಗೊತ್ತಿಲ್ಲ, ಆದರೆ ಎಲ್ಲಿ ಹೋಗಿ ಏನು ಕೇಳಬೇಕು ಎಂಬುದು ಗೊತ್ತು. ಚಹಾ ಕೊಡುತ್ತೇನೆ, ಕಚೇರಿಯ ದಾರಿ ಹೇಳುತ್ತೇನೆ, ಪೂಜೆಗಿಂತ ಮೊದಲು ಅರ್ಜಿ ಕೊಡಿ ಎನ್ನುತ್ತೇನೆ. ಹೋದ ತಿಂಗಳು ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ರಸ್ತೆಯ ಆಚೆ ಬದಿಯ ಪ್ಲಾಟು ನೋಡಿದ್ದಾರಂತೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅಲ್ಲೂ ಅನುಮತಿ ಬೇಕಾಗುತ್ತದೆ, ತಡವಾಗುತ್ತದೆ, ಎತ್ತರಕ್ಕೆ ಕಟ್ಟುವಂತಿಲ್ಲ ಎಂದೆ. ಆ ಹುಡುಗಿ ಗಮನವಿಟ್ಟು ಕೇಳಿದಳು. ಆಮೇಲೆ ನನ್ನ ಮೂರು ಮೂಲೆಯ ಖೋಲಿಯನ್ನು ಒಮ್ಮೆ ನೋಡಬಹುದೇ ಎಂದಳು. ಕರೆದುಕೊಂಡು ಹೋದೆ. ಮೇಜಿನ ಮೇಲೆ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟಿತ್ತು, ಹೊರಗೆ ಸಂಜೆಯ ಬಿಸಿಲಿನಲ್ಲಿ ಅತ್ತೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಹುಡುಗಿ ಕಿಟಕಿಯಿಂದ ಅತ್ತಿತ್ತ ನೋಡಿ ಗಂಡನ ಕಡೆ ತಿರುಗಿ, "ನಮಗ ಕೆಳಗಿನ ಮನಿ ಒಂದೇ ಸಾಕಲ್ಲೇನ್ರಿ?" ಎಂದು ಕೇಳಿದಳು.

ಅವನು ಇನ್ನೂ ಲೆಕ್ಕ ಹಾಕುತ್ತಿದ್ದ. ಅವಳು ಆಗಲೇ ನಮ್ಮ ಗೌಂಡಿಯ ಫೋನ್ ನಂಬರ್ ಕೇಳಿದಳು.